ಸಂಪಿನ ಮುಚ್ಚಳ ಮತ್ತು ಮನೆಯ ಮಗು

ನೀರಿನ ಅಪಾಯ ಎಂದೊಡನೆ ನಮ್ಮ ಮನಸ್ಸು ಹೊಳೆ, ಕೆರೆ, ಬಾವಿಗಳ ಕಡೆಗೆ ಹೋಗುತ್ತದೆ. ಹರಿಹರದಲ್ಲಿ ತುಂಗಭದ್ರೆ ಮಳೆಗಾಲದಲ್ಲಿ ಕೆಂಪಾಗಿ ತುಂಬಿ ಹರಿಯುವಾಗ ಯಾವ ತಾಯಿಯೂ ಮಗುವಿನ ಕೈ ಬಿಟ್ಟು ಮೆಟ್ಟಿಲ ಮೇಲೆ ನಿಲ್ಲುವುದಿಲ್ಲ. ಭದ್ರಾ ನಾಲೆಯ ಏರಿಯ ಮೇಲೆ ನಡೆಯುವಾಗ ಮಕ್ಕಳನ್ನು ನಾವು ತಾನಾಗಿಯೇ ನೀರಿನಿಂದಾಚೆಯ ಬದಿಗೆ ಎಳೆದುಕೊಳ್ಳುತ್ತೇವೆ. ಕಣ್ಣಿಗೆ ಕಾಣುವ ನೀರು ತಾನೇ ಎಚ್ಚರಿಕೆ ಹೇಳುತ್ತದೆ. ನಾನು ಈ ಭಾಷಣದಲ್ಲಿ ಹೇಳಹೊರಟಿರುವುದು ಕಣ್ಣಿಗೆ ಕಾಣದ ನೀರಿನ ವಿಚಾರ. ಅದು ನಮ್ಮ ಮುಂಬಾಗಿಲಿನಿಂದ ನಾಲ್ಕು ಹೆಜ್ಜೆಯ ದೂರದಲ್ಲಿ, ನೆಲದ ಅಡಿಯಲ್ಲಿ ಇದೆ. ಅದರ ಮೇಲೆ ನಾವು ರಂಗೋಲಿ ಹಾಕುತ್ತೇವೆ, ಸ್ಕೂಟರು ನಿಲ್ಲಿಸುತ್ತೇವೆ, ಸಂಜೆ ಕುರ್ಚಿ ಹಾಕಿಕೊಂಡು ಮಾತಿಗೆ ಕೂರುತ್ತೇವೆ. ಅದೇ ಸಂಪು.

ದಾವಣಗೆರೆಯ ಎಸ್.ಎಸ್. ಬಡಾವಣೆಯಂಥ ಬಡಾವಣೆಗಳಲ್ಲಿ ಮನೆ ಕಟ್ಟುವವರು ತಳಪಾಯದ ಜೊತೆಜೊತೆಗೇ ಸಂಪಿನ ಗುಂಡಿಯನ್ನೂ ತೋಡಿಸುತ್ತಾರೆ. ಇದು ಆಡಂಬರವಲ್ಲ, ಅಗತ್ಯ. ಊರಿಗೆ ನೀರು ಬರುವುದು ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತುವ ನೀರಿನಿಂದ ಮತ್ತು ಭದ್ರಾ ನಾಲೆಯಿಂದ ತುಂಬಿಸಿಕೊಳ್ಳುವ ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದ. ನಲ್ಲಿಯ ನೀರು ದಿನವಿಡೀ ಬಾರದೆ ಸರದಿಯ ಮೇಲೆ, ದಿನಗಳ ಅಂತರದಲ್ಲಿ ಬರುವ ಊರಿನಲ್ಲಿ, ಬಂದಾಗ ಹಿಡಿದಿಟ್ಟುಕೊಂಡವನೇ ಗೃಹಸ್ಥ. ನೀರುಗಂಟಿ ವಾಲ್ವು ತಿರುಗಿಸಿದ ಗಳಿಗೆಯಲ್ಲಿ ಬೀದಿಗೆ ಬೀದಿಯೇ ಎಚ್ಚೆತ್ತುಕೊಳ್ಳುವುದನ್ನು ನಾವೆಲ್ಲ ಬಲ್ಲೆವು. ಎಂಟು ಅಡಿ ಉದ್ದ, ಆರು ಅಡಿ ಅಗಲ, ಐದು ಅಡಿ ಆಳದ ಒಂದು ಸಾಧಾರಣ ಸಂಪಿನಲ್ಲಿ ಸುಮಾರು 6,800 ಲೀಟರು ನೀರು ನಿಲ್ಲುತ್ತದೆ. ಎಂದರೆ, ಒಂದು ಪುಟ್ಟ ಬಾವಿಯನ್ನು ನಾವು ಮನೆಯಂಗಳದಲ್ಲೇ ಇಟ್ಟುಕೊಂಡಿದ್ದೇವೆ. ಆದರೆ ಅದನ್ನು ಬಾವಿಯೆಂದು ಕರೆಯುವುದಿಲ್ಲವಾದ್ದರಿಂದ ಬಾವಿಗೆ ತೋರುವ ಭಯಭಕ್ತಿಯನ್ನು ಅದಕ್ಕೆ ತೋರುವುದಿಲ್ಲ.

ಹಳೆಯ ಕಾಲದ ಬಾವಿಯನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿ. ಅದರ ಸುತ್ತ ಸೊಂಟದೆತ್ತರದ ಕಟ್ಟೆ ಇರುತ್ತಿತ್ತು. ಮೇಲೆ ರಾಟೆ, ಹಗ್ಗ, ಪಕ್ಕದಲ್ಲಿ ನೀರು ಸೇದುವವರ ಮಾತು. ಬಾವಿ ತಾನು ಬಾವಿ ಎಂದು ದೂರದಿಂದಲೇ ಸಾರಿ ಹೇಳುತ್ತಿತ್ತು. ಹಗಲು ಕಂಡ ಬಾವಿಗೆ ಇರುಳು ಬಿದ್ದರು ಎಂಬ ಗಾದೆ ಹುಟ್ಟಿದ್ದು, ಕಂಡೂ ಬಿದ್ದವರ ಅವಿವೇಕವನ್ನು ಹಳಿಯುವುದಕ್ಕೆ. ಸಂಪಿನ ವಿಷಯದಲ್ಲಿ ಈ ಗಾದೆ ನಿಲ್ಲುವುದಿಲ್ಲ. ಏಕೆಂದರೆ ಸಂಪು ಹಗಲಿನಲ್ಲಿಯೂ ಕಾಣುವುದಿಲ್ಲ. ಅದಕ್ಕೆ ಕಟ್ಟೆಯಿಲ್ಲ, ರಾಟೆಯಿಲ್ಲ. ಅದರ ಬಾಯಿ ಅಂಗಳದ ನೆಲಕ್ಕೆ ಸಮನಾಗಿದೆ. ಅದಕ್ಕಿರುವುದು ಒಂದು ಮುಚ್ಚಳ ಮಾತ್ರ. ನನ್ನ ಮಾತಿನ ತಿರುಳನ್ನು ಒಂದೇ ವಾಕ್ಯದಲ್ಲಿ ಹೇಳಬೇಕಾದರೆ ಹೀಗೆ ಹೇಳುತ್ತೇನೆ: ಸಂಪಿನ ಮುಚ್ಚಳವೆಂದರೆ ನೆಲಕ್ಕೆ ಒರಗಿಸಿದ ಬಾವಿಕಟ್ಟೆ. ಬಾವಿಕಟ್ಟೆಯನ್ನು ಯಾರೂ ಹತ್ತು ನಿಮಿಷದ ಮಟ್ಟಿಗೆ ಕಿತ್ತಿಡುವುದಿಲ್ಲ. ಮುಚ್ಚಳವನ್ನು ಮಾತ್ರ ನಾವು ದಿನವೂ ಕಿತ್ತಿಡುತ್ತೇವೆ.

ಮಗುವಿಗೆ ಈ ಬಾಯಿ ಏಕೆ ಅಷ್ಟು ಅಪಾಯಕರವೆಂಬುದನ್ನು ತಿಳಿಯಬೇಕು. ಒಂದು ವರ್ಷದಿಂದ ನಾಲ್ಕು ವರ್ಷದವರೆಗಿನ ಮಗುವಿನ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು, ಭಾರವಾದದ್ದು. ಬಗ್ಗಿ ಇಣುಕಿದ ಮಗು ತಲೆಕೆಳಗಾಗಿ ಬೀಳುತ್ತದೆ. ಬಚ್ಚಲುಮನೆಯ ಬಕೆಟ್ಟಿನಲ್ಲಿರುವ ಗೇಣುದ್ದದ ನೀರು ಕೂಡ ಇದೇ ಕಾರಣದಿಂದ ಪ್ರಾಣ ತೆಗೆಯಬಲ್ಲದು. ಇನ್ನು ಸಂಪಿನ ಒಳಗೋಡೆ ನುಣುಪಾದ ಗಾರೆಯದು, ಹಿಡಿಯಲು ಏನೂ ಇಲ್ಲ. ನೀರು ಅರ್ಧಕ್ಕಿಳಿದಿದ್ದರೆ ಬಾಯಿಯ ಅಂಚು ದೊಡ್ಡ ಹುಡುಗನ ಕೈಗೂ ಎಟುಕುವುದಿಲ್ಲ. ಬಾಯಿ ಎರಡಡಿಯದು, ಒಳಗಿನ ತೊಟ್ಟಿ ಎಂಟಡಿಯದು. ಬಿದ್ದ ಮಗು ಬಾಯಿಯ ನೇರಕ್ಕೆ ನಿಲ್ಲದೆ ಚಪ್ಪಡಿಯ ಅಡಿಗೆ, ಕತ್ತಲಿಗೆ ಸರಿದುಬಿಡಬಹುದು. ಮೇಲಿನಿಂದ ನೋಡಿದವರಿಗೆ ಬರಿಯ ನೀರು ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂಬುದು ಸಿನಿಮಾ ನಮಗೆ ಕಲಿಸಿದ ಪಾಠ. ಚಿಕ್ಕ ಮಗು ಸದ್ದಿಲ್ಲದೆ ಮುಳುಗುತ್ತದೆ. ಉಸಿರಿಗಾಗಿ ತೆರೆದ ಬಾಯಿಗೆ ನೀರು ಹೊಕ್ಕ ಮೇಲೆ ಕೂಗಲು ಉಸಿರಾದರೂ ಎಲ್ಲಿಯದು? ಮಿದುಳಿಗೆ ಆಮ್ಲಜನಕ ನಿಂತ ಮೇಲೆ ನಾಲ್ಕಾರು ನಿಮಿಷಗಳಲ್ಲಿ ಸರಿಪಡಿಸಲಾಗದ ಹಾನಿ ಆರಂಭವಾಗುತ್ತದೆ. ಒಲೆಯ ಮೇಲಿನ ಹಾಲು ಉಕ್ಕುವುದನ್ನು ನೋಡಿಕೊಂಡು ಬರುವಷ್ಟು ಹೊತ್ತು ಅದು. ಆದ್ದರಿಂದ, “ಸದ್ದು ಕೇಳಿದರೆ ಓಡಿಬರುತ್ತೇನೆ” ಎಂಬ ಭರವಸೆಗೆ ಇಲ್ಲಿ ಬೆಲೆಯಿಲ್ಲ.

ಇದು ನಮ್ಮೊಬ್ಬರ ಸಂಕಟವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಹತ್ತರಲ್ಲಿ ಒಂಬತ್ತಕ್ಕೂ ಮಿಗಿಲಾದ ಸಾವುಗಳು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆದವು. ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಗೊತ್ತುಮಾಡಿತು.

ಸಿರಿವಂತ ದೇಶಗಳಲ್ಲಿ ಇದೇ ಸಮಸ್ಯೆ ಬೇರೊಂದು ವೇಷದಲ್ಲಿದೆ. ಅಮೆರಿಕೆಯಲ್ಲಿ ಅನೇಕ ಮನೆಗಳ ಹಿತ್ತಿಲಿನಲ್ಲಿ, ಕುಳಿತು ಮೈ ಕಾಯಿಸಿಕೊಳ್ಳುವ ಬಿಸಿನೀರಿನ ತೊಟ್ಟಿಗಳಿರುತ್ತವೆ. ಬಳಸದಿರುವಾಗ ಅವಕ್ಕೆ ಹೊದಿಕೆ ಹಾಕುತ್ತಾರೆ. ಮೊದಮೊದಲು ಈ ಹೊದಿಕೆ ಶಾಖ ಉಳಿಸುವುದಕ್ಕೂ ಎಲೆ, ಕಸ ಬೀಳದಿರುವುದಕ್ಕೂ ಮಾತ್ರ ಎಂದುಕೊಂಡಿದ್ದರು. ಆದರೆ ನೀರಿನ ಮೇಲೆ ತೇಲುವ ತೆಳು ಹೊದಿಕೆ ಇಲ್ಲದಿರುವುದಕ್ಕಿಂತಲೂ ಕೇಡು. ಮಗು ಅದನ್ನು ಗಟ್ಟಿ ನೆಲವೆಂದು ತಿಳಿದು ಕಾಲಿಡುತ್ತದೆ, ಅದರ ಅಡಿಗೆ ಜಾರುತ್ತದೆ, ಆಮೇಲೆ ಹೊದಿಕೆ ಮತ್ತೆ ಮುಚ್ಚಿಕೊಂಡು ಮಗುವನ್ನು ಮರೆಮಾಡುತ್ತದೆ. ಆದ್ದರಿಂದ ಅಲ್ಲಿ 1991ರಲ್ಲಿ ರೂಪುಗೊಂಡ ಒಂದು ಮಾನದಂಡ, ಸುರಕ್ಷಾ ಹೊದಿಕೆ ಎನಿಸಿಕೊಳ್ಳಬೇಕಾದರೆ ಏನೇನಿರಬೇಕೆಂದು ಹೇಳಿತು. ಮಗು ಅಂಚಿನಲ್ಲಿ ನುಸುಳಬಾರದು, ಹೊದಿಕೆಯ ಮೇಲೆ ಮಳೆನೀರು ಮಡುಗಟ್ಟಬಾರದು, ಭಾರ ತಡೆಯಬೇಕು. ದೊಡ್ಡ ಕೊಳದ ಹೊದಿಕೆಯಾದರೆ ಇಬ್ಬರು ವಯಸ್ಕರ ಮತ್ತು ಒಂದು ಮಗುವಿನ ತೂಕವನ್ನು, ಅಂದರೆ ಸುಮಾರು 220 ಕಿಲೋಗ್ರಾಮನ್ನು ತಡೆಯಬೇಕು. ಈ ಲೆಕ್ಕ ನನಗೆ ಬಹಳ ಮಾನವೀಯವಾಗಿ ತೋರುತ್ತದೆ. ಮಗುವನ್ನು ಎತ್ತಲು ಓಡಿಬರುವ ಹಿರಿಯರ ಭಾರವನ್ನೂ ಅದು ಲೆಕ್ಕಕ್ಕೆ ಹಿಡಿದಿದೆ.

ಮುಚ್ಚಳ ಮೇಲೆ ಮಾತ್ರವಲ್ಲ, ತಳದಲ್ಲಿಯೂ ಮುಖ್ಯ. 2002ರಲ್ಲಿ ಅಮೆರಿಕೆಯ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು ಇಂಥ ತೊಟ್ಟಿಯ ತಳದ ನೀರೆಳೆಯುವ ಕಿಂಡಿಯ ಸೆಳೆತಕ್ಕೆ ಸಿಕ್ಕಿ ತೀರಿಕೊಂಡಳು. ಆಕೆಗೆ ಈಜು ಬರುತ್ತಿತ್ತು. ಆ ತಾಯಿ ತನ್ನ ದುಃಖವನ್ನು ಮನೆಯೊಳಗೆ ಇಟ್ಟುಕೊಳ್ಳದೆ ಶಾಸನಸಭೆಯ ಬಾಗಿಲಿಗೆ ಒಯ್ದಳು. 2007ರಲ್ಲಿ ಮಗಳ ಹೆಸರಿನಲ್ಲೇ, ವರ್ಜೀನಿಯಾ ಗ್ರೇಮ್ ಬೇಕರ್ ಕಾಯಿದೆ ಎಂದು, ಸಾರ್ವಜನಿಕ ಕೊಳ ಮತ್ತು ತೊಟ್ಟಿಗಳ ಕಿಂಡಿಗಳಿಗೆ ಸುರಕ್ಷಿತ ಮುಚ್ಚಳವನ್ನು ಕಡ್ಡಾಯ ಮಾಡುವ ಶಾಸನ ಬಂದಿತು.

ನಮ್ಮ ದೇಶದಲ್ಲಿಯೂ ಮುಚ್ಚಳದ ಮಾತು ಅತ್ಯುನ್ನತ ನ್ಯಾಯಾಸ್ಥಾನದವರೆಗೆ ಹೋಗಿದೆ. ತೆರೆದ ಕೊಳವೆಬಾವಿಗಳಲ್ಲಿ ಮಕ್ಕಳು ಬೀಳುತ್ತಿರುವುದನ್ನು ಕಂಡು ಸುಪ್ರೀಂ ಕೋರ್ಟು ತಾನೇ ವಿಷಯವನ್ನು ಕೈಗೆತ್ತಿಕೊಂಡು 2010ರಲ್ಲಿ ನಿಯಮಗಳನ್ನು ವಿಧಿಸಿತು. ಬಾವಿ ಕೊರೆಯುವ ಹದಿನೈದು ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಕೊರೆಯುವಾಗ ಸುತ್ತ ಬೇಲಿ ಹಾಕಬೇಕು, ಕೊಳವೆಯ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಬೇಕು, ಬಾಯಿಗೆ ಉಕ್ಕಿನ ತಗಡನ್ನು ಬೆಸೆಯಬೇಕು ಅಥವಾ ಗಟ್ಟಿ ಮುಚ್ಚಳವನ್ನು ಬೋಲ್ಟು ಹಾಕಿ ಬಿಗಿಯಬೇಕು, ನೀರು ಬಾರದ ಬಾವಿಯನ್ನು ತಳದಿಂದ ಮೇಲಿನವರೆಗೆ ತುಂಬಿಸಬೇಕು ಎಂಬುವು ಅವು. ಆದರೂ 2017ರ ಏಪ್ರಿಲಿನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಕೊಳವೆಬಾವಿಗೆ ಬಿದ್ದ ಬಾಲೆ ಬದುಕಿ ಬರಲಿಲ್ಲ. 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಎಳೆಯ ಮಗುವನ್ನು ಸುಮಾರು ಇಪ್ಪತ್ತು ಗಂಟೆಗಳ ಶ್ರಮದ ನಂತರ ಜೀವಸಹಿತ ಮೇಲಕ್ಕೆತ್ತಿದಾಗ ನಾಡೆಲ್ಲ ನಿಟ್ಟುಸಿರು ಬಿಟ್ಟಿತು.

ಕೊಳವೆಬಾವಿಗೆ ಬಿದ್ದ ಮಗುವಿಗೆ ಹಾಗೆ ಗಂಟೆಗಳ ಅವಕಾಶ ಸಿಗಬಹುದು. ಜನ ಸೇರುತ್ತಾರೆ, ಯಂತ್ರಗಳು ಬರುತ್ತವೆ, ದೂರದರ್ಶನದವರು ಬರುತ್ತಾರೆ. ಸಂಪಿಗೆ ಬಿದ್ದ ಮಗುವಿಗೆ ಆ ಅವಕಾಶವಿಲ್ಲ. ಸುದ್ದಿ ಪಕ್ಕದ ಮನೆಗೆ ಮುಟ್ಟುವ ಮೊದಲೇ ಎಲ್ಲ ಮುಗಿದಿರುತ್ತದೆ. ಆದ್ದರಿಂದ ಇಲ್ಲಿ ರಕ್ಷಣೆ ಎಂದರೆ ಬೀಳದಂತೆ ತಡೆಯುವುದೇ.

ಇನ್ನು ಮುಚ್ಚಳದ ವಿಚಾರಕ್ಕೆ ಬರೋಣ. ನಾನು ನೋಡಿದ ಅಂಗಳಗಳಲ್ಲಿ ಮೂರು ಬಗೆಯ ಮುಚ್ಚಳಗಳುಂಟು. ಮೊದಲನೆಯದು ಗೌಂಡಿ ಸ್ಥಳದಲ್ಲೇ ಎರಕ ಹೊಯ್ದ ಕಾಂಕ್ರೀಟಿನ ಹಲಗೆ. ಎರಡಡಿ ಚೌಕದ, ಎರಡಂಗುಲ ದಪ್ಪದ ಇಂಥ ಹಲಗೆ ಸುಮಾರು 45 ಕಿಲೋ ತೂಗುತ್ತದೆ. ಮಗು ಇದನ್ನು ಅಲುಗಿಸಲಾರದು, ನಿಜ. ಆದರೆ ಮನೆಯ ಗೃಹಿಣಿಯೂ ಒಬ್ಬಳೇ ಎತ್ತಲಾರಳು. ಹಾಗಾಗಿ ಏನಾಗುತ್ತದೆ? ನೀರು ಎಷ್ಟು ಬಂದಿದೆಯೆಂದು ನೋಡಲು ಸಲಾಕೆಯಿಂದ ಮೀಟಿ ಪಕ್ಕಕ್ಕೆ ಸರಿಸುತ್ತಾರೆ. ಮತ್ತೆ ಸರಿಸುವ ಕಷ್ಟ ಯಾರಿಗೆ ಬೇಕೆಂದು ನೀರು ನಿಲ್ಲುವತನಕ ಹಾಗೆಯೇ ಬಿಡುತ್ತಾರೆ. ಅತಿ ಭಾರವಾದ ಮುಚ್ಚಳ ಅರ್ಧ ತೆರೆದೇ ಇರುತ್ತದೆ. ಎರಡನೆಯದು ಕಬ್ಬಿಣದ ತಗಡು. ಮೂರು ಮಿಲಿಮೀಟರು ದಪ್ಪದ್ದಾದರೆ ಸುಮಾರು ಒಂಬತ್ತು ಕಿಲೋ. ಎತ್ತಲು ಸುಲಭ. ಆದರೆ ಒಳಗಿನ ತೇವಕ್ಕೆ ಅದರ ಅಡಿಯ ಮೈ ತುಕ್ಕು ಹಿಡಿಯುತ್ತದೆ. ಮೇಲೆ ಬಣ್ಣ ಮಿರುಗುತ್ತಿರುವಾಗಲೇ ಕೆಳಗೆ ಲೋಹ ಪುಡಿಯಾಗುತ್ತಿರುತ್ತದೆ. ಮೂರನೆಯದು ಮುಚ್ಚಳವೇ ಅಲ್ಲ. ಹಳೆಯ ಪ್ಲೈವುಡ್ಡು, ಅಡ್ಡ ಹಾಕಿದ ಎರಡು ಹಲಗೆ, ಅವುಗಳ ಮೇಲೊಂದು ಪ್ಲಾಸ್ಟಿಕ್ ಹಾಳೆ ಮತ್ತು ನಾಲ್ಕು ಇಟ್ಟಿಗೆ. ಇದು ಅಮೆರಿಕೆಯ ತೇಲುವ ಹೊದಿಕೆಯ ಸ್ವಂತ ತಂಗಿ. ನೆಲದಂತೆ ಕಾಣುತ್ತದೆ, ಆದರೆ ನೆಲವಲ್ಲ.

ಒಳ್ಳೆಯ ಮುಚ್ಚಳಕ್ಕೆ ನನ್ನ ತಿಳಿವಳಿಕೆಯಂತೆ ಐದು ಲಕ್ಷಣಗಳಿರಬೇಕು. ಒಂದು, ಸಂಪಿನ ಬಾಯಿಗೆ ಅರ್ಧ ಅಡಿ ಎತ್ತರದ ಅಂಚು ಇರಬೇಕು. ಇದರಿಂದ ಅಂಗಳ ತೊಳೆದ ನೀರು ಒಳಗೆ ಹೋಗುವುದಿಲ್ಲ, ಬಾಯಿ ಎಲ್ಲಿದೆಯೆಂಬುದೂ ಕಣ್ಣಿಗೆ ಕಾಣುತ್ತದೆ. ಎರಡು, ಮುಚ್ಚಳ ಆ ಅಂಚಿನ ಹೊರಗೆ ಇಳಿದು ಕೂರಬೇಕು, ಒದ್ದರೆ ಸರಿಯಬಾರದು. ಮೂರು, ಅದು ಒಂದು ಬದಿಗೆ ಕೀಲಿನಿಂದ ಜೋಡಿಸಿದ್ದಾಗಿರಬೇಕು. ಬೇರೆಯಾಗಿ ಎತ್ತಿಡುವ ಮುಚ್ಚಳವನ್ನು ಮರೆತು ಬಿಡುವುದು ಸುಲಭ. ನಾಲ್ಕು, ಚಿಲಕ ಮತ್ತು ಬೀಗ. ಬೀಗದ ಕೈ ಮಗುವಿಗೆ ಎಟುಕದ ಮೊಳೆಗೆ ತೂಗಬೇಕು. ಐದು, ಭಾರ ತಡೆಯುವ ಶಕ್ತಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಾಂಕ್ರೀಟು ಮುಚ್ಚಳಗಳಿಗೆ ಐ.ಎಸ್. 12592 ಎಂಬ ಭಾರತೀಯ ಮಾನಕವಿದೆ. ಅದರಲ್ಲಿ ಹಗುರ, ಮಧ್ಯಮ, ಭಾರಿ ಎಂಬ ದರ್ಜೆಗಳಿವೆ. ಕಾರು ಹಾಯುವ ಜಾಗವಾದರೆ ಅದಕ್ಕೆ ತಕ್ಕ ದರ್ಜೆಯನ್ನೇ ಕೇಳಿ ಕೊಳ್ಳಬೇಕು.

ಇವೆಲ್ಲಕ್ಕಿಂತ ನಾನು ಹೆಚ್ಚಾಗಿ ಒತ್ತಿ ಹೇಳುವುದು ಇನ್ನೊಂದನ್ನು. ಮುಚ್ಚಳದ ಕೆಳಗೆ, ಬಾಯಿಯಲ್ಲೇ, ಕಬ್ಬಿಣದ ಸರಳುಗಳ ಒಂದು ಜಾಲರಿಯನ್ನು ಕೂರಿಸಬೇಕು. ಸರಳುಗಳ ನಡುವಿನ ಅಂತರ ನಾಲ್ಕು ಅಂಗುಲಕ್ಕಿಂತ ಕಡಿಮೆಯಿರಬೇಕು. ಅಷ್ಟರಲ್ಲಿ ಮಗುವಿನ ತಲೆ ತೂರದು. ನೀರು ನೋಡಲು, ಕೊಳವೆ ಇಳಿಬಿಡಲು ಜಾಲರಿ ಅಡ್ಡಿಯಾಗುವುದಿಲ್ಲ. ಸಂಪು ತೊಳೆಯುವ ದಿನ ಮಾತ್ರ ಅದರ ಬೀಗ ತೆಗೆದರೆ ಸಾಕು. ಮುಚ್ಚಳವನ್ನು ಮರೆಯುವುದು ಮನುಷ್ಯಸ್ವಭಾವ. ಮರೆತ ದಿನವೂ ಮಗು ಉಳಿಯಬೇಕಾದರೆ ಜಾಲರಿ ಬೇಕು. ಯಾವ ವೆಲ್ಡಿಂಗ್ ಅಂಗಡಿಯವನೂ ಅರ್ಧ ದಿನದಲ್ಲಿ ಮಾಡಿಕೊಡಬಲ್ಲ ಕೆಲಸ ಇದು.

ಬಿಗಿಯಾದ ಮುಚ್ಚಳದಿಂದ ಇನ್ನೊಂದು ಲಾಭವೂ ಇದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಹುಟ್ಟುವುದು ಚರಂಡಿಯ ಕೊಳಕಿನಲ್ಲಿ ಅಲ್ಲ, ನಾವು ಜೋಪಾನವಾಗಿ ಹಿಡಿದಿಟ್ಟ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮಗುವನ್ನು ನೀರಿನಿಂದ ಕಾಯುವ ಮುಚ್ಚಳವೇ ಅದನ್ನು ಜ್ವರದಿಂದಲೂ ಕಾಯುತ್ತದೆ.

ಇಷ್ಟರವರೆಗೆ ಮನೆಯುಳ್ಳವರ ಮಕ್ಕಳ ಮಾತಾಯಿತು. ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಮನೆ ಕಟ್ಟುವವರ ಮಕ್ಕಳು. ಹೊಸ ಬಡಾವಣೆಯೆಂದರೆ ಎಲ್ಲಾದರೂ ಒಂದು ಮನೆ ಏಳುತ್ತಲೇ ಇರುತ್ತದೆ. ಆ ಕಟ್ಟಡದ ಸಂಪು ಮೊದಲೇ ಸಿದ್ಧವಾಗಿ, ಗೋಡೆಗಳಿಗೆ ಹಾಕುವ ನೀರಿನಿಂದ ತುಂಬಿರುತ್ತದೆ. ಮುಚ್ಚಳ ಬರುವುದು ಮಾತ್ರ ಗೃಹಪ್ರವೇಶದ ಹಿಂದಿನ ವಾರ. ಆ ನಡುವಿನ ತಿಂಗಳುಗಳಲ್ಲಿ ಕೂಲಿಯವರ, ಕಾವಲುಗಾರನ ಕುಟುಂಬ ಅದರ ಪಕ್ಕದಲ್ಲೇ ತಗಡಿನ ಗೂಡಿನಲ್ಲಿ ವಾಸ ಮಾಡುತ್ತದೆ. ತಾಯಿ ಬಾಣಲಿ ಹೊತ್ತು ಮೇಲಂತಸ್ತಿಗೆ ಹೋದಾಗ ಮಗು ಮರಳಿನ ಗುಡ್ಡೆಯ ಮೇಲೆ ಆಡುತ್ತದೆ. ಕಟ್ಟಡ ಕಾರ್ಮಿಕರ 1996ರ ಕಾಯಿದೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಒದಗಿಸಬೇಕೆಂಬ ವಿಧಿಯಿತ್ತು. ಆದರೆ ಅದು ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆಗೆ ಹಾಕಿದ ವಿಧಿ. ಮೂವತ್ತು ನಲವತ್ತರ ನಿವೇಶನದಲ್ಲಿ ಏಳುವ ಮನೆಗೆ ಐವತ್ತು ಹೆಂಗಸರು ಎಲ್ಲಿಂದ ಬಂದಾರು? ಇಬ್ಬರು ಮೂವರು ಹೆಂಗಸರು, ಅವರ ಇಬ್ಬರು ಮೂವರು ಮಕ್ಕಳು. ಅಂಥ ಮಕ್ಕಳನ್ನು ಕಾಯುವ ಹೊಣೆ ಆ ಮನೆಯ ಯಜಮಾನರ ಮೇಲೆಯೇ ಬೀಳುತ್ತದೆ. ಸಂಪಿನ ಚಪ್ಪಡಿ ಹಾಕಿದ ದಿನವೇ ಜಾಲರಿಯನ್ನೂ ಹಾಕಿಸುವುದು, ಅಷ್ಟಾದರೂ ಅವರು ಮಾಡಬೇಕಾದ ಕೆಲಸ. ಪಕ್ಕದ ಬಾಂಗ್ಲಾದೇಶದಲ್ಲಿ ತಾಯಂದಿರು ದುಡಿಯುವ ಬೆಳಗಿನ ಹೊತ್ತು ಮಕ್ಕಳನ್ನು ಒಂದೆಡೆ ನೋಡಿಕೊಳ್ಳುವ ‘ಆಂಚಲ್’ ಎಂಬ ಶಿಶುಕೇಂದ್ರಗಳನ್ನು ತೆರೆದು ಮುಳುಗುಸಾವನ್ನು ಗಣನೀಯವಾಗಿ ತಗ್ಗಿಸಿದ್ದಾರೆ. ನಾಲ್ಕು ಮನೆಯವರು ಸೇರಿದರೆ ಬಡಾವಣೆಯಲ್ಲೂ ಇದು ಅಸಾಧ್ಯವೇನಲ್ಲ.

ಇಷ್ಟೆಲ್ಲ ಎಚ್ಚರದ ಮೇಲೆಯೂ ಅವಘಡ ಆದರೆ ಏನು ಮಾಡಬೇಕೆಂಬುದನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಮಗು ಕಾಣದಿದ್ದರೆ ಮೊದಲು ನೋಡಬೇಕಾದದ್ದು ಸಂಪನ್ನು, ಬೀದಿಯನ್ನು ಆಮೇಲೆ. ಸಂಪಿನಲ್ಲಿ ಮುಳುಗಿರುವ ಪಂಪಿದ್ದರೆ ಒಬ್ಬರು ಮನೆಯ ಮೇನ್ ಸ್ವಿಚ್ಚು ತೆಗೆಯಬೇಕು. ಬಹುಕಾಲ ಮುಚ್ಚಿದ್ದ ಸಂಪು, ಒಳಗೆ ಮರದ ಸೆಂಟ್ರಿಂಗ್ ಕೊಳೆಯುತ್ತಿರುವ ಹೊಸ ಸಂಪು, ಪೆಟ್ರೋಲು ಯಂತ್ರ ಓಡಿಸಿದ ಸಂಪು, ಇವುಗಳಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು. ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಅಲ್ಲೇ ಉಳಿದ ದುರಂತಗಳು ಹೀಗೆಯೇ ಆಗುವುದು. ಅಂಥಲ್ಲಿ ಮೇಲಿನಿಂದಲೇ ಎತ್ತಲು ಯತ್ನಿಸಬೇಕು. ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಹಿಡಿಯುವ ಜನರಿಲ್ಲದೆ ಇಳಿಯಬಾರದು.

ಮೇಲೆತ್ತಿದ ಮಗುವನ್ನು ಕಾಲು ಹಿಡಿದು ತಲೆಕೆಳಗೆ ತೂಗುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮಲ್ಲಿ ರೂಢಿ. ಎರಡೂ ತಪ್ಪು, ಅಮೂಲ್ಯವಾದ ನಿಮಿಷಗಳು ಇದರಲ್ಲೇ ಕಳೆದುಹೋಗುತ್ತವೆ. ಮಗುವಿಗೆ ಬೇಕಾದದ್ದು ಉಸಿರು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗಲ್ಲವನ್ನು ಮೆಲ್ಲಗೆ ಎತ್ತಿ, ಉಸಿರಾಟವಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಎದೆ ಮೇಲೇಳುವಂತೆ ಮೊದಲು ಐದು ಸಲ ಊದಬೇಕು. ಆಮೇಲೆ ಎದೆಯ ನಡುವೆ, ಎದೆಯ ದಪ್ಪದ ಮೂರನೆಯ ಒಂದು ಭಾಗದಷ್ಟು ತಗ್ಗುವಂತೆ ಮೂವತ್ತು ಸಲ ಒತ್ತಿ, ಮತ್ತೆ ಎರಡು ಸಲ ಊದಬೇಕು. ಒತ್ತುವ ವೇಗ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು. ಇನ್ನೊಬ್ಬರು ಆಗಲೇ 108ಕ್ಕೆ ಕರೆ ಮಾಡಿರಬೇಕು. ವಾಹನ ಬರುವವರೆಗೆ ಇದನ್ನು ನಿಲ್ಲಿಸಬಾರದು. ಮಗು ಕಣ್ಣು ತೆರೆದು ಅತ್ತರೂ ಆಸ್ಪತ್ರೆಗೆ ಒಯ್ಯಲೇಬೇಕು. ಏಕೆಂದರೆ ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ತಲೆದೋರಬಹುದು.

ದಾವಣಗೆರೆ, ಹರಿಹರಗಳಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ನಲ್ಲಿಯಲ್ಲಿ ನೀರು ಕೊಡುವ ಜಲಸಿರಿ ಯೋಜನೆಯನ್ನು ಕೈಗೆತ್ತಿಕೊಳ್ಳಲಾಗಿದೆ. ಅದು ಮನೆಮನೆಗೂ ಪೂರ್ಣವಾಗಿ ಮುಟ್ಟಿ, ಬೇಕೆಂದಾಗ ನೀರು ಬರುತ್ತದೆಂಬ ನಂಬಿಕೆ ಜನರಲ್ಲಿ ಬೇರೂರಿದಾಗ ಇಷ್ಟು ದೊಡ್ಡ ಸಂಪುಗಳ ಅಗತ್ಯವೇ ಇರಲಾರದು. ನೀರಿನ ವ್ಯವಸ್ಥೆ ಸುಧಾರಿಸುವುದೂ ಮಕ್ಕಳ ರಕ್ಷಣೆಯ ಒಂದು ಮಾರ್ಗವೆಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಅಲ್ಲಿಯವರೆಗೆ, ಈಗಾಗಲೇ ತೋಡಿರುವ ಸಾವಿರಾರು ಸಂಪುಗಳು ನಮ್ಮ ಅಂಗಳಗಳಲ್ಲಿ ಇದ್ದೇ ಇರುತ್ತವೆ. ಮನೆಗೆ ಬಣ್ಣ ಹೊಡೆಸುವಾಗ, ಗೇಟಿಗೆ ಹೊಸ ನಮೂನೆ ಆರಿಸುವಾಗ ನಾವು ಎಷ್ಟೊಂದು ವಿಚಾರ ಮಾಡುತ್ತೇವೆ. ಅದರಲ್ಲಿ ನೂರನೆಯ ಒಂದು ಪಾಲು ವಿಚಾರವನ್ನು ಈ ಎರಡಡಿ ಚೌಕದ ಬಾಯಿಗೆ ಮೀಸಲಿಟ್ಟರೆ, ಮನೆಯ ಮಗುವೂ ಪಕ್ಕದ ನಿವೇಶನದ ಮಗುವೂ ನೀರಿನ ಮೇಲೆ ನಿರ್ಭಯವಾಗಿ ಆಡಿಕೊಂಡಿರಬಹುದು.

(ಬಾನುಲಿ ಭಾಷಣ)